ಲಾನು ಕಿತ್ತ ಜಾಗ

ಆ ವರ್ಷ ಜೇವರ್ಗಿಯ ಹೊಸ ಬಡಾವಣೆಯಲ್ಲಿ ಹಸಿರಾಗಿ ಉಳಿದದ್ದು ಒಂದೇ ಜಾಗ, ನಿವೃತ್ತ ಶಿರಸ್ತೇದಾರ ದೌಲತರಾಯರ ಮನೆಯ ಮುಂದಿನ ಲಾನು. ಮೃಗಶಿರ ಹೋಯಿತು, ಆರಿದ್ರ ಹೋಯಿತು, ಮಳೆಯ ಸುದ್ದಿಯೇ ಇಲ್ಲ. ಓಣಿಯ ಬೋರಿಂಗನ್ನು ಎಷ್ಟು ಒತ್ತಿದರೂ ಕೆಮ್ಮುತ್ತಿತ್ತೇ ಹೊರತು ನೀರು ಕೊಡುತ್ತಿರಲಿಲ್ಲ. ದೌಲತರಾಯರು ಮಾತ್ರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಧೋತರ ಮೇಲಕ್ಕೆ ಸಿಕ್ಕಿಸಿ, ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತ ನಿಲ್ಲುತ್ತಿದ್ದರು. ಮನೆಯ ಬೋರಿನಲ್ಲಿ ರಾತ್ರಿಯೆಲ್ಲ ಊರಿದ ನೀರು ಹುಲ್ಲು ಕುಡಿದು ಮುಗಿಸುವಷ್ಟರಲ್ಲಿ ತಳ ಕಾಣುತ್ತಿತ್ತು.

ಆ ಹುಲ್ಲನ್ನು ದನ ತಿನ್ನುವಂತಿರಲಿಲ್ಲ, ಮನುಷ್ಯರು ತುಳಿಯುವಂತಿರಲಿಲ್ಲ. ಹಾಗಾದರೆ ಯಾತಕ್ಕೆ ಎಂದು ನೀವು ಕೇಳಬಹುದು. ದೌಲತರಾಯರನ್ನು ಕೇಳಿದ್ದರೆ ಅವರು ಉತ್ತರ ಕೊಡುತ್ತಿರಲಿಲ್ಲ. ನೌಕರಿಯ ಕಾಲದುದ್ದಕ್ಕೂ ಅವರು ಫೈಲು ಹೊತ್ತು ದೊಡ್ಡ ಸಾಹೇಬರ ಬಂಗಲೆಗೆ ಹೋದವರು. ಸಾಹೇಬರು ಲಾನಿನ ನಡುವೆ ಬೆತ್ತದ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು, ಇವರು ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಬರ್ರಿ ಕೂಡ್ರಿ ಎಂದು ಒಬ್ಬನಾದರೂ ಒಂದು ದಿನ ಅಂದದ್ದಿಲ್ಲ. ಆ ಉರಿ ಹೊಟ್ಟೆಯಲ್ಲಿಟ್ಟುಕೊಂಡೇ ನಿವೃತ್ತರಾದರು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿದ್ದ ಹೊಲ ಮಾರಿದರು, ಜೇವರ್ಗಿಯಲ್ಲಿ ಮನೆ ಕಟ್ಟಿಸಿದರು, ಅಂಗಳದ ಎರೆಮಣ್ಣಿನ ಮೇಲೆ ಲಾರಿಯಲ್ಲಿ ಕೆಂಪು ಮಣ್ಣು ತರಿಸಿ ಹಾಸಿದರು, ಹೈದರಾಬಾದಿನಿಂದ ಹುಲ್ಲು ತಂದು ಹಚ್ಚಿದರು. ಸಂಜೆ ನಾಲ್ಕು ಬೆತ್ತದ ಕುರ್ಚಿ ಹೊರಗೆ ಬರುತ್ತಿದ್ದವು. ಒಂದರಲ್ಲಿ ಅವರು ಕೂಡುತ್ತಿದ್ದರು. ಉಳಿದ ಮೂರು ಬಹಳ ಸಲ ಖಾಲಿಯೇ ಇರುತ್ತಿದ್ದವು.

ಹೊಲ ಮಾರುವಾಗ ಹೆಂಡತಿ ಸುಭದ್ರಾಬಾಯಿಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಆ ಮನೆಯಲ್ಲಿರಲಿಲ್ಲ. ಆಕೆ ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಎಳ್ಳಮವಾಸ್ಯೆಗೆ ಆ ಹೊಲದಲ್ಲಿ ಚರಗ ಚೆಲ್ಲಿದವಳು. ಆಗ ಬಿಳಿಜೋಳ ತೆನೆಯನ್ನು ಒಡಲಲ್ಲಿಟ್ಟು ಹೊಡೆ ಕಟ್ಟಿ ನಿಂತಿರುತ್ತದೆ. ಹೊಲ ಬಸುರಿ ಎಂದು ಅಲ್ಲಿನವರ ಲೆಕ್ಕ, ಬಸುರಿಗೆ ಬಯಕೆಯ ಊಟ ಹಾಕಬೇಕು. ಸಜ್ಜೆ ಕಡುಬು, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಅನ್ನ ಎಲ್ಲ ಕಲಸಿ ಒಬ್ಬರು ಮುಂದೆ ಬೆಳೆಯ ನಡುವೆ ಚೆಲ್ಲುತ್ತ, ಕೂಗುತ್ತ ಹೋಗಬೇಕು. ಅವರ ಬೆನ್ನಿಗೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ಬರಬೇಕು. ಗಂಡ ಕಚೇರಿಯವರಾದ್ದರಿಂದ ಆಕೆಯ ಬೆನ್ನಿಗೆ ನೀರು ಹಿಡಿದು ಬರುತ್ತಿದ್ದವನು ಆಳು ಹುಸೇನಸಾಬ. ಹೊಲ ಹೋದ ಮೇಲೆ ಅಫಜಲಪುರ ತಾಲೂಕಿನ ಚೌಡಾಪುರದ ತಮ್ಮನ ಹೊಲಕ್ಕೆ ಹೋಗುವುದಾಯಿತು. ಅಲ್ಲಿ ಚೆಲ್ಲುವವಳು ತಮ್ಮನ ಹೆಂಡತಿ. ಸುಭದ್ರಾಬಾಯಿ ಉಂಡು, ಎಲೆಯಡಿಕೆ ಹಾಕಿಕೊಂಡು ತಿರುಗಿ ಬರುತ್ತಿದ್ದಳು. ಯಾರೂ ಒಂದು ಮಾತು ಕಡಿಮೆ ಆಡುತ್ತಿರಲಿಲ್ಲ, ಆದರೂ ಅದು ತಮ್ಮನ ಹೆಂಡತಿಯ ಚರಗ, ಆಕೆಯದಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಸೊಸೆ ಶಾರದಾಬಾಯಿ ದೂರದ ಬಾವಿಯಿಂದ ಎರಡು ಕೊಡ ಹೊತ್ತು ಬಂದು ಕಟ್ಟೆಯ ಮೇಲೆ ಕುಕ್ಕಿದಳು. ಮಾವನ ಕೈಯಲ್ಲಿ ಪೈಪು ಇತ್ತು.

“ಮಾವಾರ, ಹುಲ್ಲಿನ ಪಾಲಿನ್ಯಾಗ ನಮಗೂ ಎರಡು ಕೊಡ ಬಿಡ್ರಿ.”

“ಬೋರ್‍ನ್ಯಾಗ ನೀರಿದ್ದಾಗ ತುಂಬ್ಕೋಬೇಕಿತ್ತು.”

“ನೀರಿದ್ದಾಗ ಪೈಪು ನಿಮ್ಮ ಕೈಯಾಗೇ ಇರ್ತದಲ್ರಿ!”

ಒಳಗಿನಿಂದ ಸುಭದ್ರಾಬಾಯಿ, “ಶಾರದಾ, ರೊಟ್ಟಿ ಹೊತ್ತಾಕತ್ತದ, ಒಳಗ ಬಾ ಬೇ,” ಎಂದು ಕೂಗಿದಳು. ರೊಟ್ಟಿ ಹೊತ್ತಿರಲಿಲ್ಲ. ಮಾತು ಹೊತ್ತುವುದನ್ನು ಆಕೆ ತಪ್ಪಿಸಿದಳು, ಅಷ್ಟೆ.

ಎದುರುಮನೆಯ ಪ್ಯಾರಿಬಿ ಅದೇ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಳು. “ಅಕ್ಕಾ, ಸಾಹೇಬ್ರ ಹುಲ್ಲು ಒಂದೀಟು ಕೊಯ್ಕೊಳ್ಲೇನ್ರಿ? ನನ್ನ ಎಮ್ಮಿ ಗ್ವಾಡಿ ನೆಕ್ಕಾಕತ್ತದ.”

“ಅದು ಎಮ್ಮಿ ತಿನ್ನೋ ಹುಲ್ಲಲ್ಲ,” ಎಂದರು ದೌಲತರಾಯರು.

“ಹೌದೇನ್ರಿ? ಮತ್ತ ಯಾರ ತಿಂತಾರ್ರಿ?”

ಪ್ಯಾರಿಬಿ ನಿಜಕ್ಕೂ ತಿಳಿಯದೇ ಕೇಳಿದಳೋ ಚುಚ್ಚಲಿಕ್ಕೆ ಕೇಳಿದಳೋ ಹೇಳಲಾಗದು. ಶಾರದಾಬಾಯಿ ಒಳಗೆ ಸೆರಗು ಬಾಯಿಗೊತ್ತಿ ನಕ್ಕಳು.

ಆ ವಾರವೇ ಮಗ ಜಗದೇವಪ್ಪ ಕಚೇರಿಯಿಂದ ಒಂದು ಸುದ್ದಿ ತಂದ. ಅವನು ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಇನ್ನೂ ಕಾಯಂ ಆಗಿರಲಿಲ್ಲ. ಲಾನು ಕಿತ್ತು ಹಾಕಿ, ನೀರು ಬೇಡದ ಗಿಡ ಹಚ್ಚುವವರಿಗೆ ಸರ್ಕಾರವೇ ಖರ್ಚು ಕೊಡುತ್ತದೆ ಎಂಬ ಸುತ್ತೋಲೆ ಬಂದಿತ್ತು. ಬೆಂಗಳೂರಿನಲ್ಲಿ ಯಾರೋ ಬಂಗಲೆಗಳ ಸಾಲು ನೋಡಿಕೊಂಡು ಯೋಚಿಸಿದ ಯೋಜನೆ ಅದು. ಜೇವರ್ಗಿಯಲ್ಲಿ ಲಾನು ಎಷ್ಟಿವೆ ಎಂದು ಯಾರೂ ವಿಚಾರಿಸಿರಲಿಲ್ಲ.

ಊಟಕ್ಕೆ ಕುಳಿತಾಗ ಜಗದೇವಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ ವಿಷಯ ತೆಗೆದ.

“ಅಪ್ಪಾ, ಊರಾಗ ಇರೋದು ಎರಡೇ ಲಾನು. ಒಂದು ಸರ್ಕಾರಿ ಬಂಗ್ಲ್ಯಾಗ, ಮಂತ್ರಿ ಬಂದ್ರ ಕೂಡೋದು. ಅದಕ್ಕ ಯಾರೂ ಕೈ ಹಚ್ಚಾಂಗಿಲ್ಲ. ಇನ್ನೊಂದು ನಮ್ಮದು.”

“ಅದಕ್ಕ?”

“ನಮ್ಮ ದೇವೀಂದ್ರಪ್ಪ ಸಾಹೇಬ್ರು ನನ್ನ ಕರ್ದು ಹೇಳ್ಯಾರ. ಈ ಸಲ ಒಂದಾದ್ರೂ ಕೆಲಸ ತೋರಿಸಬೇಕಂತ. ಅದಾದ್ರ ನನ್ನ ಕಾಯಂ ಕಾಗದಕ್ಕ ಸಹಿ ಹಾಕ್ತಾರಂತ.”

“ನನ್ನ ಹುಲ್ಲಿನ ಮ್ಯಾಲ ಕುಂತು ಚಹಾ ಕುಡ್ದು ಹೋದವ ಅವ. ಈಗ ಅದನ್ನ ಕೀಳು ಅಂತಾನೇನು?”

“ನೀರು ಎಲ್ಲದ ಅಪ್ಪಾ? ಶಾರದಾ ದಿನಾ ಕೊಡ ಹೊರಾಕತ್ತಾಳ.”

“ಹೊರ್ಲಿ. ನಿಮ್ಮವ್ವ ಹೊತ್ತಿಲ್ಲೇನು?”

“ಹೊತ್ತೇನಿ,” ಎಂದಳು ಸುಭದ್ರಾಬಾಯಿ, ಶೇಂಗಾ ಹಿಂಡಿ ಬಡಿಸುತ್ತ. “ಮನುಷ್ಯಾರಿಗಿ ಹೊತ್ತೇನ್ರಿ, ಹುಲ್ಲಿಗಲ್ಲ.”

ದೌಲತರಾಯರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಮೂರನೆಯ ದಿನ ಬೋರು ಕೆಸರು ಕಾರಿ ನಿಂತಿತು. ಇನ್ನೂ ಒಂದು ವಾರ ಹುಲ್ಲು ಅಂಚಿನಿಂದ ಕೆಂಪಾಗುತ್ತ ಬಂತು. ಅವರು ಪೈಪು ಹಿಡಿದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೆ ಒಂದು ಸಂಜೆ ಮಗನನ್ನು ಕರೆದು, “ಕೀಳಸು. ನಾ ನೋಡಾಂಗಿಲ್ಲ,” ಎಂದರು. ಮಗನ ಕಾಯಂ ಕಾಗದಕ್ಕಾಗಿ ಅಂದರೋ, ಹುಲ್ಲು ಒಣಗುವುದನ್ನು ನೋಡಲಾರದೆ ಅಂದರೋ, ಎರಡೂ ಇದ್ದಿರಬೇಕು.

ಹುಲ್ಲು ಕೀಳುವ ದಿನ ಅವರು ಕುರ್ಚಿಯನ್ನು ಹಿತ್ತಲಿಗೆ ಒಯ್ದು ಗೋಡೆಗೆ ಮುಖ ಮಾಡಿ ಕುಳಿತರು. ಕೂಲಿಯವರು ಹುಲ್ಲಿನ ಜೊತೆ ಕೆಂಪು ಮಣ್ಣನ್ನೂ ಕೆರೆದು ಗಾಡಿಗೆ ತುಂಬಿದರು. ಒಣಗಿದ ಹುಲ್ಲನ್ನು ಪ್ಯಾರಿಬಿಯ ಎಮ್ಮೆ ಮೂಸಿ ನೋಡಿ ಮುಖ ತಿರುವಿತು. ಆ ಒಂದು ವಿಷಯದಲ್ಲಿ ದೌಲತರಾಯರ ಮಾತೇ ನಿಜವಾಯಿತು. ಗೋಡೆಯುದ್ದಕ್ಕೂ ಯೋಜನೆಯವರು ಕೊಟ್ಟ ಬೇವು, ಹೊಂಗೆ, ಸೀತಾಫಲ, ಒಂದು ಬಿಲ್ವಪತ್ರಿ ಸಸಿ ಹಚ್ಚಿದರು. ನಡುವಿನ ಜಾಗಕ್ಕೆ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ಹಾಸಬೇಕೆಂದು ನಿಯಮವಿತ್ತು. ಮೊದಲ ಕಂತಿನ ದುಡ್ಡು ಬಂತು, ಗರಸಿನ ಲಾರಿ ಮಾತ್ರ ಬರಲಿಲ್ಲ.

ಸುಭದ್ರಾಬಾಯಿ ಅಂಗಳಕ್ಕೆ ಇಳಿದು ಕುಕ್ಕರಗಾಲಿನಲ್ಲಿ ಕುಳಿತಳು. ಕೆಂಪು ಮಣ್ಣು ಹೋದಲ್ಲಿ ಕರಿ ಎರೆ ಬಿರುಕು ಬಿಟ್ಟು ಮಲಗಿತ್ತು. ಒಂದು ಹೆಂಟೆ ಎತ್ತಿ ಹಿಸುಕಿ ನೋಡಿದಳು, ಮೂಸಿ ನೋಡಿದಳು.

“ಏನ್ರಿ ಅತ್ತಿ?” ಎಂದಳು ಶಾರದಾಬಾಯಿ.

“ನಮ್ಮ ಹೊಲದ ಮಣ್ಣಿನಂಥದೇ ಅದ ಬೇ. ಇಷ್ಟು ದಿನ ಇದರ ಮ್ಯಾಲೇ ಓಡ್ಯಾಡೇವಿ ನೋಡು.”

ಭಾದ್ರಪದ ಮುಗಿಯುವ ಹೊತ್ತಿಗೆ ಉತ್ತರಿ ಮಳೆ ಒಂದೇ ಒಂದು ಸಲ, ಆದರೆ ಜಡಿದು ಬಂತು. ಮರುದಿನವೇ ಆಕೆ ಚೌಡಾಪುರಕ್ಕೆ ಹೇಳಿ ಕಳಿಸಿ ತಮ್ಮನ ಮನೆಯಿಂದ ಬಿಳಿಜೋಳದ ಬೀಜ ತರಿಸಿದಳು. ಗಂಡ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅತ್ತೆ ಸೊಸೆ ಇಬ್ಬರೂ ಕಳೆ ತೆಗೆಯುವ ಕುರುಪಿಯಿಂದ ಗೀರು ಎಳೆದು, ಬೀಜ ಬಿಟ್ಟು, ಕಾಲಿನಿಂದ ಮುಚ್ಚಿದರು.

“ಅತ್ತಿ, ಇದು ಸ್ಕೀಮಿನ್ಯಾಗ ಇಲ್ಲ. ನಿಮ್ಮ ಮಗ ಒದರ್‍ಯಾಡ್ತಾರ.”

“ಒದರ್ಲಿ. ನೀರು ಬೇಡದ್ದು ಹಚ್ಚು ಅಂದಾರಲ್ಲ? ಬಿಳಿಜ್ವಾಳಕ್ಕ ಯಾರು ನೀರು ಹಾಕ್ಯಾರ ಹೇಳು. ಇಬ್ಬನಿ ಕುಡ್ದು ಬೆಳೀತದ.” ಒಂದು ಗೀರು ಮುಗಿಸಿ ಸೊಂಟ ಹಿಡಿದು ನಿಂತು ಅಂದಳು, “ಈ ಎಳ್ಳಮಾಸಿಗಿ ನಾ ಎಲ್ಲೂ ಹೋಗಾಂಗಿಲ್ಲ ಶಾರದಾ. ನನ್ನ ಚರಗ ನಾನೇ ಚೆಲ್ಲತೇನಿ. ಇಲ್ಲೇ.”

ಮೊಳಕೆ ಕಂಡ ದಿನ ಮನೆಯಲ್ಲಿ ದೊಡ್ಡ ಗದ್ದಲ. ಜಗದೇವಪ್ಪ ಹಣೆ ಬಡಿದುಕೊಂಡ. ದೌಲತರಾಯರು ಬಾಗಿಲಲ್ಲೇ ನಿಂತು ಗರ್ಜಿಸಿದರು.

“ಮನೀ ಮುಂದ ಜ್ವಾಳ! ಹಾಳಬಿದ್ದ ಮನಿ ಅಂತಾರ ಮಂದಿ. ಹೊಲ ಮಾರಿ ಮನಿ ಕಟ್ಟಿದ್ದು ಮತ್ತ ಹೊಲ ಮಾಡಾಕೇನು?”

“ಹೊಲ ಮಾರಿದ್ದು ನೀವು. ನಾ ಮಾರಿಲ್ಲ,” ಎಂದಳು ಸುಭದ್ರಾಬಾಯಿ.

ಎಷ್ಟೋ ವರ್ಷಗಳಿಂದ ಒಳಗಿದ್ದ ಮಾತು ಅದು. ದೌಲತರಾಯರು ಬಾಗಿಲು ಬಿಟ್ಟು ಹಿತ್ತಲಿನ ಕುರ್ಚಿಗೆ ನಡೆದರು. ಜಗದೇವಪ್ಪ, “ಗರಸು ಬರೂತನಕ ಇರ್ಲಿ ಬಿಡ್ರಿ,” ಎಂದು ತಾನೇ ರಾಜಿ ಮಾಡಿದ.

ಗರಸು ಬರಲಿಲ್ಲ. ಜೋಳ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಒಂದು ಕೊಡ ನೀರು ಕೇಳಲಿಲ್ಲ. ಬೋರಿನಲ್ಲಿ ಮೆಲ್ಲಗೆ ನೀರು ಊರತೊಡಗಿ ಶಾರದಾಬಾಯಿ ಮನೆಯಲ್ಲೇ ಕೊಡ ತುಂಬಿಕೊಳ್ಳತೊಡಗಿದಳು, ಪ್ಯಾರಿಬಿಯೂ ಬಂದು ಎರಡು ಕೊಡ ಒಯ್ಯತೊಡಗಿದಳು. ಮಾವ ಸೊಸೆಯ ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಅಭ್ಯಾಸ ತಪ್ಪಬಾರದೆಂದು ಕೆಲವು ದಿನ ಚಹಾದಲ್ಲಿ ಸಕ್ಕರೆ ಕಡಿಮೆಯೆಂದು ಜಗಳಾಡಿದರು.

ದೌಲತರಾಯರ ಕುರ್ಚಿ ಹಿತ್ತಲಿನಿಂದ ಪಡಸಾಲೆಗೆ ಬಂತು, ಪಡಸಾಲೆಯಿಂದ ಕಟ್ಟೆಗೆ ಬಂತು. ದಂಟಿನ ಮೇಲೆ ಗುಬ್ಬಿ ಕೂತರೆ ಕೈಯೆತ್ತಿ “ಹೋ!” ಎನ್ನತೊಡಗಿದರು.

“ಏನ್ರಿ, ಹಕ್ಕಿ ಕಾಯಾಕತ್ತೀರೇನು?” ಎಂದಳು ಸುಭದ್ರಾಬಾಯಿ, ನಗು ತಡೆದು. “ಇನ್ನೂ ಕಾಳೇ ಕಟ್ಟಿಲ್ಲ.”

“ಗಂಟಲ ಕಟ್ಟೇದ. ಸಾಪ್ ಮಾಡ್ಕೊಳ್ಳಾಕತ್ತೇನಿ.”

ಮಾರ್ಗಶಿರದ ಕೊನೆಯ ವಾರ ಜೋಳ ಹೊಡೆ ಕಟ್ಟಿತು. ಕೆಲವು ದಂಟಿನಲ್ಲಿ ತೆನೆ ಇಣುಕುತ್ತಿತ್ತು. ಎಳ್ಳಮವಾಸ್ಯೆ ಭಾನುವಾರ. ಸುಭದ್ರಾಬಾಯಿ ಸಜ್ಜೆ ಹಸನು ಮಾಡಿ ಗಿರಣಿಗೆ ಕಳಿಸಿದಳು, ಶೇಂಗಾ ಹುರಿದಳು, ಭಜ್ಜಿಗೆ ಹಸಿಕಾಳು ಬಿಡಿಸಿಟ್ಟಳು. ಈ ಸಲ ಬರುವುದಿಲ್ಲವೆಂದು ತಮ್ಮನಿಗೆ ಹೇಳಿ ಕಳಿಸಿದಳು. ಹಾಗೆ ಹೇಳಿ ಕಳಿಸುವಾಗ ಆಕೆಯ ಮುಖ ನೋಡಬೇಕಿತ್ತು, ಹೊಸ ಸೀರೆ ಉಟ್ಟವಳಂತೆ ಇದ್ದಳು.

ಬುಧವಾರ ರಾತ್ರಿ ಊಟದ ಹೊತ್ತಿಗೆ ಜಗದೇವಪ್ಪ ಜೋಲುಮುಖ ಹಾಕಿಕೊಂಡು ಬಂದ.

“ಶುಕ್ರವಾರ ಮುಂಜಾನೆ ನೋಡಾಕ ಬರಾಕತ್ತಾರ. ದೇವೀಂದ್ರಪ್ಪ ಸಾಹೇಬ್ರು, ಅವರ ಮ್ಯಾಲಿನವ್ರು, ಫೋಟೋದವ. ನಡು ಜಾಗದಾಗ ಗರಸು ಅದ ಅಂತ ಬರ್ದುಕೊಟ್ಟವ ನಾನು. ಲಾರಿ ನಾಳಿ ಸಂಜೀಕ ಬರ್ತದ. ಜ್ವಾಳ ತಗೀಬೇಕು ಅವ್ವಾ.”

ಸುಭದ್ರಾಬಾಯಿಯ ಕೈಯಲ್ಲಿನ ಸೌಟು ನಿಂತಿತು.

“ಭಾನುವಾರ ಅಮಾಸಿ ಅದಲೇ.”

“ಗೊತ್ತದ.”

“ಚರಗ ಚೆಲ್ಲಿ ಸೋಮವಾರ ನಾನೇ ಕೊಯ್ದು ಕೊಡ್ತೇನಿ. ನಾಕು ದಿನ ತಡೀರಿ ಅನ್ನು.”

“ನನ್ನಂಥವ ಸಾಹೇಬ್ರಿಗಿ ತಡೀರಿ ಅನ್ನಾಕ ಬರ್ತದೇನು?”

“ಹೊಡಿಯಾದ ಪೈರು ಕೊಯ್ತಾರೇನೋ? ಬಸುರಿ ಅದು. ಉಣ್ಣಾಕ ಹಾಕೋ ಮೊದ್ಲ ಕುತಿಗಿ ಕೊಯ್ತಾರೇನು?”

“ಅವ್ವಾ, ಸುಳ್ಳ ಬರ್ದಾನ ಅಂತ ನನ್ನ ನೌಕರಿ ತಗದ್ರ ಏನ್ ಮಾಡ್ಲಿ?”

ಶಾರದಾಬಾಯಿ, “ಯಾರ್ ಬರೀರಿ ಅಂದಿದ್ರು ನಿಮಗ ಗರಸು ಅಂತ?” ಎಂದು ಕೇಳಿದಳು. ಜಗದೇವಪ್ಪ ಅವಳ ಮೇಲೆ ರೇಗಿದ. ದೌಲತರಾಯರು ಊಟ ಮುಗಿಸಿ, ಕೈ ತೊಳೆದು, ಕಟ್ಟೆಗೆ ಹೋಗಿ ಕುಳಿತರು.

ಗುರುವಾರ ಬೆಳಿಗ್ಗೆ ಅವರು ಹಳೆಯ ಕರಿ ಕೋಟು ಹಾಕಿ, ರುಮಾಲು ಸುತ್ತಿದರು.

“ಎಲ್ಲಿಗಿ ಹೊಂಟೀರಿ?” ಎಂದು ಹೆಂಡತಿ ಕೇಳಿದಳು.

“ಪಿಂಚಣಿ ಕೆಲಸ ಅದ.”

ಅಂಥ ಯಾವ ಕೆಲಸವೂ ಇರಲಿಲ್ಲ. ಅವರು ಹೋದದ್ದು ದೇವೀಂದ್ರಪ್ಪನ ಕಚೇರಿಗೆ. ಮಗನ ಕಣ್ಣಿಗೆ ಬೀಳಬಾರದೆಂದು ಹಿಂದಿನ ಬಾಗಿಲಿನಿಂದ ಹೋದರು. ಸಾಹೇಬರು ಹಳ್ಳಿಗೆ ಹೋಗಿದ್ದಾರೆ, ಬರುತ್ತಾರೆ ಎಂದು ಜವಾನ ಹೇಳಿದ. ದೌಲತರಾಯರು ಗೋಡೆಗೆ ಒರಗಿ ನಿಂತರು. ಬೆಂಚು ಇತ್ತು, ಆದರೆ ಬೇಡಲು ಬಂದವನು ಕೂಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ನಿಂತೇ ಮಧ್ಯಾಹ್ನವಾಯಿತು.

ಇತ್ತ ಜಗದೇವಪ್ಪ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದ. ಪ್ಯಾರಿಬಿಯ ಮನೆಯಿಂದ ಕುಡಗೋಲು ಇಸಿದುಕೊಂಡು ಅಂಗಳಕ್ಕೆ ಇಳಿದ. ಒಳಗೆ ಸುಭದ್ರಾಬಾಯಿ ಸಜ್ಜೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೊಯ್ಯುವ ಸಪ್ಪಳ ಕೇಳಿ ಹೊರಗೆ ಬಂದಳು. ಮಗ ದಂಟಿನ ನಡುವಿಗೆ ಕುಡಗೋಲು ಹಾಕಿ ಜಗ್ಗುತ್ತಿದ್ದ. ಕಣ್ಣಲ್ಲಿ ನೀರಿತ್ತು, ಬೆವರೆಂದು ತೋಳಿನಿಂದ ಒರೆಸುತ್ತಿದ್ದ. ಹೆಬ್ಬೆರಳು ಆಗಲೇ ಕೊಯ್ದುಕೊಂಡು ರಕ್ತ ಬಂದಿತ್ತು.

ಆಕೆ ಅಂಗಳಕ್ಕೆ ಇಳಿದು ಕೈ ಚಾಚಿದಳು.

“ಕೊಡು ಇಲ್ಲಿ. ಇನ್ನ ಕಾಲೂ ಕೊಯ್ಕೋತಿ.”

“ಅವ್ವಾ...”

“ಹೊಲದ ಕೆಲಸ ನಿನಗ ಯಾರು ಕಲಿಸ್ಯಾರ? ಸರೀ ಅತ್ತಾಗ.”

ಕುಡಗೋಲು ಇಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಬುಡಕ್ಕೆ ಹಾಕಿದಳು. ಸಾಲು ಹಿಡಿದು ಕೊಯ್ಯುತ್ತ ಹೋದಳು. ಶಾರದಾಬಾಯಿ ಹಿಂದಿನಿಂದ ಸೂಡು ಕಟ್ಟುತ್ತ ಬಂದಳು. ಸೂಡುಗಳನ್ನೆಲ್ಲ ಪ್ಯಾರಿಬಿಗೆ ಕೊಟ್ಟಾಗ ಆಕೆ, “ತೌಬಾ, ಅಕ್ಕಾ, ಇದನ್ನ ಹ್ಯಾಂಗ್ ತಗೊಳ್ಲಿ?” ಎಂದಳು.

“ತಗೋ. ಇದು ಎಮ್ಮಿ ತಿನ್ನೋದು.”

ಇಳಿಹೊತ್ತಿಗೆ ದೌಲತರಾಯರು ಬಂದರು. ಓಣಿಯ ತಿರುವಿನಿಂದಲೇ ಅವರ ನಡಿಗೆ ಬೇರೆಯಿತ್ತು. ಗೇಟಿಗೆ ಕೈ ಹಾಕುತ್ತಲೇ ಕೂಗಿದರು, “ಕೇಳತೀಯೇನು ಬೇ! ಸಾಹೇಬ ಒಪ್ಪಿದ. ಅಮಾಸಿ ಆದಮ್ಯಾಲೇ ಬರ್ತಾನಂತ, ಬರೋ ಬುಧವಾರ...”

ಅಷ್ಟರಲ್ಲಿ ಕಣ್ಣು ಅಂಗಳಕ್ಕೆ ಬಿತ್ತು. ಗೇಟು ಹಿಡಿದ ಕೈ ಹಾಗೇ ಉಳಿಯಿತು.

ಸುಭದ್ರಾಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಅಂಗೈಯಲ್ಲಿ ದಂಟಿನ ಹಸಿರು ಇನ್ನೂ ಹೋಗಿರಲಿಲ್ಲ.

“ಪಿಂಚಣಿ ಕೆಲಸ ಅಂದ್ರಿ,” ಎಂದಳು.

“ಅಪ್ಪಾ, ಒಂದು ಮಾತು ಹೇಳಿ ಹೋಗಬಾರದಿತ್ತೇನ್ರಿ?” ಎಂದ ಜಗದೇವಪ್ಪ.

“ಹೇಳಿ ಹೋಗಿ... ಅವ ಒಲ್ಲೆ ಅಂದಿದ್ರ? ಯಾವ ಮುಖ ಹೊತ್ಕೊಂಡು ಮನಿಗಿ ಬರ್ಲಿ?”

ಆ ಹೊತ್ತಿಗೇ ಗರಸಿನ ಲಾರಿ ಓಣಿಗೆ ಬಂದು ಹಾರ್ನ್ ಹೊಡೆಯಿತು. ದೌಲತರಾಯರು ತಿರುಗಿ ರಸ್ತೆಗೆ ಹೋಗಿ, ಲಾರಿಯ ಮುಂದೆ ನಿಂತು, “ಈಗ ಬ್ಯಾಡ. ಸೋಮವಾರ ತಗೊಂಡು ಬಾ,” ಎಂದರು. ಡ್ರೈವರು ಏನೋ ಗೊಣಗಿದ. ಕರಿ ಕೋಟು ನೋಡಿ ಸುಮ್ಮನೆ ಹಿಂದಕ್ಕೆ ತೆಗೆದ.

ಭಾನುವಾರ ಓಣಿಯ ಮನೆಗಳಿಗೆಲ್ಲ ಬೀಗ. ಬಂಡಿ, ಟೆಂಪೋ, ಸೈಕಲ್ಲು, ಸಿಕ್ಕದ್ದರಲ್ಲಿ ಎಲ್ಲರೂ ಹೊಲಗಳಿಗೆ ಹೋಗಿದ್ದರು. ಸುಭದ್ರಾಬಾಯಿ ಎಂದಿನಂತೆ ಅಡಿಗೆ ಮಾಡಿದಳು. ಯಾತಕ್ಕೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಡುಬು, ಭಜ್ಜಿ, ಅನ್ನ ಕಲಸಿ ಬುಟ್ಟಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಕೊಯ್ದ ಬುಡಗಳು ಮೊನಚಾಗಿ ನಿಂತಿದ್ದವು.

“ಅತ್ತಿ, ಬೆಳೀನೇ ಇಲ್ಲಲ್ರಿ,” ಎಂದಳು ಶಾರದಾಬಾಯಿ ಮೆಲ್ಲಗೆ.

“ಮಣ್ಣು ಇಲ್ಲೇ ಅದಲ್ಲ ಬೇ. ಇಷ್ಟು ದಿನ ಹೊತ್ತದ. ಅದು ಉಪಾಸ ಇರಬೇಕೇನು?”

ಬುಟ್ಟಿ ಸೊಂಟಕ್ಕೆ ಏರಿಸಿ ಹಿಂದೆ ತಿರುಗಿ ನೋಡಿದಳು. ಬೆನ್ನಿಗೆ ನೀರು ಹಿಡಿಯುವವರು ಬೇಕಲ್ಲ. ಜಗದೇವಪ್ಪ ತಂಬಿಗೆಗೆ ಕೈ ಚಾಚಿದ. ಅವನಿಗಿಂತ ಮುಂಚೆ ದೌಲತರಾಯರು ಅದನ್ನು ಎತ್ತಿಕೊಂಡಿದ್ದರು. ಚಪ್ಪಲಿ ಕಟ್ಟೆಯ ಕೆಳಗೆ ಬಿಟ್ಟರು. ಬರಿಗಾಲಿಗೆ ಬುಡಗಳು ಚುಚ್ಚಿದವು, ಮುಖ ಹಿಂಡಿದರು, ನಿಲ್ಲಲಿಲ್ಲ.

ಸುಭದ್ರಾಬಾಯಿ ಮೊದಲ ಹಿಡಿ ಚೆಲ್ಲಿ ಕೂಗು ಹಾಕಿದಳು. ಖಾಲಿ ಓಣಿಯಲ್ಲಿ ಆ ದನಿ ದೂರ ಹೋಯಿತು. ಹಿಂದಿನಿಂದ ದೌಲತರಾಯರು ತಂಬಿಗೆ ಬಗ್ಗಿಸಿ ಸುರಿದೇ ಸುರಿದರು. ಎರಡು ಹೆಜ್ಜೆಗೆ ಅರ್ಧ ತಂಬಿಗೆ ಖಾಲಿಯಾಯಿತು.

ಆಕೆ ನಿಂತು ತಿರುಗಿದಳು.

“ಹಂಗಲ್ರಿ. ಇದು ನಿಮ್ಮ ಹುಲ್ಲಲ್ಲ. ಬೆರಳಿಲೆ ಚಿಮುಕಸ್ರಿ, ಸಾಕು. ಇದಕ್ಕ ಭಾಳ ಬೇಕಾಗಿಲ್ಲ.”

“ಹ್ಞೂಂ,” ಎಂದರು ದೌಲತರಾಯರು.

ಬೆರಳು ಅದ್ದಿ, ಹನಿ ಹನಿ ಚಿಮುಕಿಸುತ್ತ, ಆಕೆಯ ಹೆಜ್ಜೆಯ ಹಿಂದೆ ಹೆಜ್ಜೆ ಇಡುತ್ತ ಅಂಗಳದ ಕೊನೆಯ ಸಾಲಿನವರೆಗೂ ಹೋದರು.